ಏಟು ಬಿದ್ದರೆ ಮಾತ್ರ ತರಗತಿ ಸುಮ್ಮನಾಗುತ್ತಾ? ಪಂಜೆ ಮೇಷ್ಟ್ರ ಬದುಕು ಹೇಳುವುದೇ ಬೇರೆ

ನಾಗರಬೆತ್ತ ಹಿಡಿದ ಮೇಷ್ಟ್ರ ಚಿತ್ರ, ಅದರ ಕೆಳಗೆ ಅಂದು ಏಟು ತಿಂದವರೇ ಇಂದು ಉದ್ಧಾರವಾದರು ಎಂಬ ಬರಹ. ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಹೊಸದುರ್ಗ ತಾಲ್ಲೂಕಿನ ಬಾಗೂರಿನ ನಮ್ಮ ಫ್ಯಾಮಿಲಿ ಗ್ರೂಪಿಗಂತೂ ಶಿಕ್ಷಕರ ದಿನಾಚರಣೆ ಬಂತೆಂದರೆ ತಪ್ಪದೆ ಬರುತ್ತದೆ. ಹಾಗಾದರೆ ಗಲಾಟೆ ಮಾಡುವ ಮಕ್ಕಳನ್ನು ಬೆತ್ತವಿಲ್ಲದೆ ಕೂರಿಸಲು ಆಗುವುದೇ ಇಲ್ಲವೇ? ಆಗುತ್ತದೆ ಎಂದು ನೂರು ವರ್ಷದ ಹಿಂದೆಯೇ ತೋರಿಸಿದವರು ಪಂಜೆ ಮಂಗೇಶರಾಯರು.

ಪಂಜೆ ಹುಟ್ಟಿದ್ದು 1874ರಲ್ಲಿ, ಬಂಟ್ವಾಳದಲ್ಲಿ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಕಷ್ಟಪಟ್ಟು ಮಂಗಳೂರಿನಲ್ಲಿ ಓದಿ, ಅಲ್ಲಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಆಮೇಲೆ ಶಾಲೆಗಳ ಇನ್‌ಸ್ಪೆಕ್ಟರ್ ಆದರು, ಕೊನೆಗೆ ಮಡಿಕೇರಿಯಲ್ಲಿ ಹೆಡ್‌ಮಾಸ್ತರರಾಗಿದ್ದರು.

ಅದು ಕೂಲಿಮಠಗಳ ನೆನಪು ಇನ್ನೂ ಹಸಿಯಾಗಿದ್ದ ಕಾಲ. ಬೆತ್ತ, ಬಸ್ಕಿ ಸಾಲದಿದ್ದರೆ ಕೋದಂಡ, ಅಂದರೆ ಹುಡುಗನ ಕೈ ಕಟ್ಟಿ ಹಗ್ಗದಿಂದ ಮೇಲಕ್ಕೆ ನೇತುಹಾಕುವುದು. ಇನ್‌ಸ್ಪೆಕ್ಟರ್ ಬರುತ್ತಾರೆಂದರೆ ಮಕ್ಕಳ ಜೊತೆ ಮೇಷ್ಟ್ರೂ ನಡುಗುತ್ತಿದ್ದರು. ಪಂಜೆಯವರು ಶಾಲೆಗೆ ಬಂದರೆ ಕತೆ ಹೇಳುತ್ತಿದ್ದರು, ಹಾಡುತ್ತಿದ್ದರು, ಮಕ್ಕಳ ಕೈಲೂ ಹಾಡಿಸುತ್ತಿದ್ದರು.

ಅವರ ‘ನಾಗರ ಹಾವೆ’ ಪದ್ಯವನ್ನೇ ನೋಡಿ. ಮಗುವೊಂದು ಹಾವನ್ನು ಕರೆಯುತ್ತದೆ, ಕೈ ಮುಗಿಯುತ್ತದೆ, ಹಾಲು ಕೊಡುತ್ತೇನೆ ಎನ್ನುತ್ತದೆ. (ಹಾಲು ಹಾವಿನ ಆಹಾರವಲ್ಲ, ಆ ಫಾರ್ವರ್ಡ್ ಬೇರೆ ಇದೆ!) ನುಡಿಯ ಕೊನೆಯಲ್ಲಿ ಒಂದೇ ಅಕ್ಷರ ಮತ್ತೆ ಮತ್ತೆ ಬರುತ್ತದೆ, ಇಡೀ ತರಗತಿ ಒಟ್ಟಿಗೆ ಕೂಗುವ ಹಾಗೆ. ಕೂಗಲೇಬೇಕು ಎನ್ನುವ ವಯಸ್ಸಿನ ಮಕ್ಕಳಿಗೆ ಕೂಗುವುದೇ ಪಾಠವಾದರೆ ಗಲಾಟೆಗೆ ಪುರುಸೊತ್ತೆಲ್ಲಿ? ಕುಣಿಯುವ ಕೈಕಾಲಿಗೆ ಲಯ ಸಿಕ್ಕಿತು, ಹಿಂದಿನ ಬೆಂಚಿನವನಿಗೂ ಕೆಲಸ ಸಿಕ್ಕಿತು.

ಹಾಡಿಸೋಣ ಎಂದರೆ ಆಗ ಕನ್ನಡದಲ್ಲಿ ಮಕ್ಕಳ ಹಾಡುಗಳೇ ತೀರಾ ಕಡಿಮೆ. ಹಾಗಾಗಿ ತಾವೇ ಬರೆದರು, ಕತೆಗಳನ್ನೂ ಪಠ್ಯಪುಸ್ತಕಗಳನ್ನೂ ಸಿದ್ಧಪಡಿಸಿದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು.

ಇನ್ನು ಏಟಿನ ವಿಷಯ. ಮನೆಯಲ್ಲಿ ಏಟು ತಿನ್ನುವ ಮಕ್ಕಳ ಬಗ್ಗೆ ನಡೆದ 75 ಅಧ್ಯಯನಗಳನ್ನು, ಅಂದರೆ ಸುಮಾರು 1.6 ಲಕ್ಷ ಮಕ್ಕಳ ಮಾಹಿತಿಯನ್ನು, 2016ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಒಟ್ಟಿಗೆ ಪರಿಶೀಲಿಸಿದರು. ಏಟು ಹೆಚ್ಚಿದ್ದಲ್ಲಿ ಕಂಡದ್ದು ಹೆಚ್ಚು ಸಿಟ್ಟು, ಹೆಚ್ಚು ಹಟ. ಏಟೇ ಅದಕ್ಕೆ ಕಾರಣ ಎಂದು ಇಷ್ಟರಿಂದಲೇ ಹೇಳಲಾಗದು, ಆದರೆ ಏಟಿನಿಂದ ಮಕ್ಕಳು ಸುಧಾರಿಸಿದರು ಎಂಬುದಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ನಮ್ಮ ದೇಶದಲ್ಲಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಫಾರ್ವರ್ಡ್‌ನಲ್ಲಿ ಕಾಣುವವರು ಏಟು ತಿಂದೂ ಶಾಲೆಯಲ್ಲಿ ಉಳಿದವರು ಮಾತ್ರ. ಏಟಿಗೆ ಹೆದರಿ ಶಾಲೆ ಬಿಟ್ಟು ದನ ಕಾಯಲು ಹೋದವನು ಆ ಗ್ರೂಪಿನಲ್ಲೇ ಇಲ್ಲ.

ಪಂಜೆಯವರು 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, 1937ರ ಅಕ್ಟೋಬರ್‌ನಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು. ಬೆತ್ತದ ಚಿತ್ರ ಕಳಿಸುವ ನಮ್ಮ ದೊಡ್ಡಪ್ಪನಿಗೆ ‘ನಾಗರ ಹಾವೆ’ ಇವತ್ತಿಗೂ ಬಾಯಿಪಾಠ.