ವಿಟ್ನಿ ಮಾಡಿದ ಬಂದೂಕು, ಅರ ಹಿಡಿದವರ ಗುರುತು

ಒಂದು ಬಂದೂಕಿನ ಬಿಡಿಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಿದರೂ ಸರಿಯಾಗಿ ಕೂರಬೇಕು. ಇವತ್ತು ಇದು ಮಾಮೂಲಿ. ಇದನ್ನು ಮೊದಲು ಸಾಧಿಸಿದ್ದು ಈಲೈ ವಿಟ್ನಿ ಅಂತ ಅಮೆರಿಕದ ಶಾಲಾ ಪುಸ್ತಕಗಳು ಬಹಳ ಕಾಲ ಹೇಳಿಕೊಂಡು ಬಂದವು. ನನಗೆ ಆತನ ಬದುಕಿನಲ್ಲಿ ಆಸಕ್ತಿ ಇರೋದೇ ಈ ಹೊಗಳಿಕೆ ಬಿರುಕು ಬಿಡುವ ಜಾಗದಲ್ಲಿ.

1765ರಲ್ಲಿ ಮ್ಯಾಸಚೂಸೆಟ್ಸ್‌ನ ರೈತ ಕುಟುಂಬದಲ್ಲಿ ಹುಟ್ಟಿದ ವಿಟ್ನಿ, ಹುಡುಗನಾಗಿದ್ದಾಗಲೇ ಮೊಳೆ ಮಾಡಿ ಮಾರಿದವನು. ಯೇಲ್‌ನಲ್ಲಿ ಓದಿ, 1793ರಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಯಂತ್ರ ಮಾಡಿದ. ಅದು ದಕ್ಷಿಣದ ಹತ್ತಿ ತೋಟಗಳನ್ನೂ ಅದರ ಜೊತೆಗೇ ಗುಲಾಮಗಿರಿಯನ್ನೂ ಬೆಳೆಸಿತು. (ಆ ಕಥೆಗೆ ಬೇರೆಯೇ ಲೇಖನ ಬೇಕು.) ಯಂತ್ರವನ್ನು ಕಂಡಕಂಡವರು ನಕಲು ಮಾಡಿದರು, ವಿಟ್ನಿಯ ದುಡ್ಡು ಕೋರ್ಟಿನಲ್ಲಿ ಕರಗಿತು.

ಕೈ ಖಾಲಿಯಾಗಿದ್ದಾಗ, 1798ರಲ್ಲಿ ಸರ್ಕಾರದ ಗುತ್ತಿಗೆ ಸಿಕ್ತು. ಫ್ರಾನ್ಸ್ ಜೊತೆ ಯುದ್ಧದ ಭಯ ಇದ್ದ ಕಾಲ ಅದು. ಎರಡು ವರ್ಷದಲ್ಲಿ 10,000 ಬಂದೂಕು, 1,34,000 ಡಾಲರ್. ಆಗ ಆತನಿಗೆ ಬಂದೂಕು ಮಾಡಿದ ಅನುಭವವೇ ಇರಲಿಲ್ಲ!

ಗಡುವು ಮೀರಿತು. 1801ರಲ್ಲಿ ವಾಷಿಂಗ್ಟನ್‌ಗೆ ಹೋಗಿ, ಅಧ್ಯಕ್ಷ ಆಡಮ್ಸ್ ಮತ್ತು ಮುಂದೆ ಅಧ್ಯಕ್ಷನಾಗಲಿದ್ದ ಜೆಫರ್ಸನ್ ಎದುರು ಒಂದು ಪ್ರದರ್ಶನ ಕೊಟ್ಟ. ಬೇರೆ ಬೇರೆ ಲಾಕ್‌ಗಳನ್ನು, ಅಂದರೆ ಕಿಡಿ ಹಾರಿಸುವ ಭಾಗಗಳನ್ನು, ಬರೀ ಸ್ಕ್ರೂಡ್ರೈವರ್ ಹಿಡಿದು ಒಂದೇ ಬಂದೂಕಿಗೆ ಕೂರಿಸಿ ತೋರಿಸಿದ. ಎಲ್ಲರೂ ಬೆರಗಾದರು. ಆದರೆ ಲಾಕನ್ನು ಹಾಗೇ ಇಡಿಯಾಗಿ ಬದಲಿಸೋದು ಸುಲಭ. ಕಷ್ಟ ಇರೋದು ಅದರ ಒಳಗೆ. ಅಲ್ಲಿನ ಸ್ಪ್ರಿಂಗು, ಕೊಂಡಿ, ಹಲ್ಲುಗಳು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಟ್ರಿಗರ್ ಒತ್ತುವ ಮೊದಲೇ ಗುಂಡು ಹಾರಬಹುದು, ಒತ್ತಿದರೂ ಹಾರದೇ ಇರಬಹುದು. ಹಾಗಾಗಿ ಕೆಲಸಗಾರರು ಒಂದೊಂದು ತುಂಡನ್ನೂ ಅರದಿಂದ ಉಜ್ಜಿ, ಹಾಕಿ ನೋಡಿ, ಮತ್ತೆ ಉಜ್ಜಿ ಕೂರಿಸುತ್ತಿದ್ದರು. ವಿಟ್ನಿಯ ಕಾರ್ಖಾನೆಯಲ್ಲೂ ಇದೇ ನಡೀತಿತ್ತು. ಕೊನೆಯ ಕಂತಿನ ಬಂದೂಕು ಸರ್ಕಾರದ ಕೈ ಸೇರಿದ್ದು 1809ರಲ್ಲಿ.

ಆತ ಸತ್ತದ್ದು 1825ರಲ್ಲಿ. ಉಳಿದ ಬಂದೂಕುಗಳನ್ನು 20ನೇ ಶತಮಾನದಲ್ಲಿ ಬಿಚ್ಚಿ ನೋಡಿದಾಗ, ಒಂದರ ಭಾಗ ಇನ್ನೊಂದಕ್ಕೆ ಕೂರಲಿಲ್ಲ. 1960ರಲ್ಲಿ ಇತಿಹಾಸಕಾರ ರಾಬರ್ಟ್ ವುಡ್‌ಬರಿ ಈ ದಂತಕಥೆಯನ್ನೇ ಪ್ರಶ್ನಿಸಿ ಬರೆದರು. ಅಳತೆಯ ಗೇಜುಗಳನ್ನಿಟ್ಟು ನಿಜಕ್ಕೂ ಅದಲುಬದಲಾಗುವ ರೈಫಲ್ ಮಾಡಿದ್ದು 1820ರ ದಶಕದಲ್ಲಿ, ಹಾರ್ಪರ್ಸ್ ಫೆರ್ರಿಯ ಜಾನ್ ಹಾಲ್. ಆ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ವಿಟ್ನಿಯ ಬಂದೂಕುಗಳ ಒಳಭಾಗಗಳ ಮೇಲೆ ಸಣ್ಣ ಸಣ್ಣ ಗುರುತುಗಳಿವೆ. ಯಾವ ತುಂಡು ಯಾವ ಬಂದೂಕಿನದು ಅಂತ ಮರೆಯದಿರಲಿ ಎಂದು ಹಾಕಿದ ಗುರುತುಗಳು.