ವೈಲ್ಡರ್ ಪೆನ್‌ಫೀಲ್ಡ್

ವೈಲ್ಡರ್ ಗ್ರೇವ್ಸ್ ಪೆನ್‌ಫೀಲ್ಡ್ (ಜನವರಿ 26, 1891 – ಏಪ್ರಿಲ್ 5, 1976) ಅಮೆರಿಕದ ಸ್ಪೋಕೇನ್‌ನಲ್ಲಿ ಜನಿಸಿ ಕೆನಡಾದಲ್ಲಿ ನೆಲೆಸಿದ ಪ್ರಸಿದ್ಧ ನರಶಸ್ತ್ರವೈದ್ಯರು. ಆಕ್ಸ್‌ಫರ್ಡ್‌ನಲ್ಲಿ ಚಾರ್ಲ್ಸ್ ಶೆರಿಂಗ್ಟನ್ ಅವರ ಶಿಷ್ಯರಾಗಿದ್ದರು.

1928ರಲ್ಲಿ ಅಂದಿನ ಜರ್ಮನಿಯ ಬ್ರೆಸ್ಲಾವ್ ನಗರಕ್ಕೆ ತೆರಳಿ, ಎಚ್ಚರವಾಗಿರುವ ರೋಗಿಯ ಮೆದುಳಿಗೆ ಶಸ್ತ್ರಚಿಕಿತ್ಸೆ ನಡೆಸುವ ವಿಧಾನವನ್ನು ಆಟ್‌ಫ್ರೀಡ್ ಫೊರ್ಸ್ಟರ್ ಅವರಿಂದ ಕಲಿತರು. ಮೆದುಳಿಗೆ ನೋವಿನ ಅರಿವಿಲ್ಲ. ನೆತ್ತಿಯ ಚರ್ಮವನ್ನು ಮರಗಟ್ಟಿಸಿದರೆ ಸಾಕು. ಅದೇ ವರ್ಷ ಮಾಂಟ್ರಿಯಲ್‌ನಲ್ಲಿ ಸ್ವಂತ ಅಕ್ಕ ರೂತ್ ಅವರ ಮೆದುಳಿನ ಗೆಡ್ಡೆಗೆ ತಾವೇ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಗೆಡ್ಡೆಯನ್ನು ಪೂರ್ಣವಾಗಿ ತೆಗೆಯಲಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಆಕೆ ತೀರಿಕೊಂಡರು.

1934ರಲ್ಲಿ ಮಾಂಟ್ರಿಯಲ್ ನರವಿಜ್ಞಾನ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿ ಹರ್ಬರ್ಟ್ ಜ್ಯಾಸ್ಪರ್ ಅವರೊಡಗೂಡಿ, ಅಪಸ್ಮಾರ ರೋಗಿಗಳ ತೆರೆದ ಮೆದುಳಿನ ಮೇಲೆ ವಿದ್ಯುದ್ವಾರಗಳನ್ನಿರಿಸಿ ವಿದ್ಯುತ್ ಅಲೆಗಳನ್ನು ದಾಖಲಿಸಿದರು. ಗಾಢ ಅರಿವಳಿಕೆಯಲ್ಲಿ ಈ ಅಲೆಗಳ ಸ್ವರೂಪವೇ ಬದಲಾಗುತ್ತದೆ. ರೋಗಿಯ ಮಾತೂ ನಿಲ್ಲುತ್ತದೆ. ಆದ್ದರಿಂದ ಗಂಟೆಗಟ್ಟಲೆ ಎಚ್ಚರವಾಗಿದ್ದು ಉತ್ತರಿಸುವ ಕಷ್ಟವನ್ನು ರೋಗಿಗಳೇ ಹೊರಬೇಕಾಗಿತ್ತು. ಪಠ್ಯಪುಸ್ತಕಗಳಲ್ಲಿ ಕಾಣುವ ದೊಡ್ಡ ತುಟಿ, ದೊಡ್ಡ ಕೈಗಳ ವಿಚಿತ್ರ ಮಾನವಾಕೃತಿ 'ಹೊಮಂಕ್ಯುಲಸ್' ರೂಪುಗೊಂಡದ್ದು ಅವರ ಉತ್ತರಗಳಿಂದಲೇ ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಪಾರ್ಕಿನ್ಸನ್ ಕಾಯಿಲೆಗಾಗಿ ಮೆದುಳಿನ ಆಳಕ್ಕೆ ವಿದ್ಯುದ್ವಾರ ಇಳಿಸುವ ಇಂದಿನ ಶಸ್ತ್ರಚಿಕಿತ್ಸೆಯಲ್ಲೂ ಇದೇ ತೊಡಕಿದೆ. ಮಂಪರು ತರಿಸುವ ಔಷಧಗಳು ನರಕೋಶಗಳ ಮಿಡಿತವನ್ನು ಕುಗ್ಗಿಸಿ ಸರಿಯಾದ ಜಾಗದ ಗುರುತನ್ನು ಮಸುಕಾಗಿಸಬಲ್ಲವಾದ್ದರಿಂದ, ಅನೇಕ ಕಡೆ ರೋಗಿಯನ್ನು ಎಚ್ಚರವಾಗಿಯೇ ಇರಿಸುತ್ತಾರೆ.