ಬೆರ್ತಿಯೋನನ ಅಳತೆಗೋಲು

ಫೌಜದಾರಿ ಮೊಕದ್ದಮೆಗಳಲ್ಲಿ ಈಗ ಬಾಯಿಸಾಕ್ಷಿಗಿಂತ ಚಿತ್ರಸಾಕ್ಷಿಗೆ ಹೆಚ್ಚಿನ ಮನ್ನಣೆ ದೊರೆಯುತ್ತಿರುವುದನ್ನು ವಾಚಕರು ಬಲ್ಲರು. ಅಂಗಡಿಯ ಬಾಗಿಲಲ್ಲಿಯೋ ಬೀದಿಯ ಕಂಬದಲ್ಲಿಯೋ ಇರುವ ಕ್ಯಾಮರಾ ತೆಗೆದ ವಿಡಿಯೋವನ್ನು ನ್ಯಾಯಸ್ಥಾನದ ಮುಂದಿಟ್ಟು, ಇದರಲ್ಲಿ ಕಾಣುವವನೂ ಕಟಕಟೆಯಲ್ಲಿ ನಿಂತವನೂ ಒಬ್ಬನೇ ಎಂದು ತಜ್ಞನು ನುಡಿದರೆ, ಎದುರು ನುಡಿಯುವ ಧೈರ್ಯವು ಹಲವರಿಗೆ ಉಂಟಾಗುವುದಿಲ್ಲ. ಈ ವಿದ್ಯೆಗೆ ಶಾಸ್ತ್ರದ ರೂಪವನ್ನು ಕೊಟ್ಟವರಲ್ಲಿ ಅಗ್ರಗಣ್ಯನಾದ ಆಲ್ಫೋನ್ಸ್ ಬೆರ್ತಿಯೋನನ ಚರಿತ್ರೆಯನ್ನು ಇಂದು ಸ್ಮರಿಸುವುದು ಉಚಿತವಾಗಿದೆ. ಅದರಲ್ಲಿ ಕೀರ್ತಿಯೂ ಉಂಟು, ಎಚ್ಚರಿಕೆಯೂ ಉಂಟು.

ಬೆರ್ತಿಯೋನನು 1853ರಲ್ಲಿ ಪ್ಯಾರಿಸ್ ನಗರದಲ್ಲಿ ವಿದ್ವಾಂಸರ ಮನೆತನದಲ್ಲಿ ಹುಟ್ಟಿದನು. ತಂದೆಯು ವೈದ್ಯನೂ ಜನಸಂಖ್ಯಾಶಾಸ್ತ್ರಜ್ಞನೂ ಆಗಿದ್ದನು. ಸೋದರನು ಅದೇ ಶಾಸ್ತ್ರದಲ್ಲಿ ಹೆಸರು ಪಡೆದನು. ಆಲ್ಫೋನ್ಸನಾದರೋ ಶಾಲೆಗಳಲ್ಲಿ ನೆಲೆನಿಲ್ಲದೆ, ಕಡೆಗೆ ತಂದೆಯ ಪ್ರಭಾವದಿಂದ 1879ರಲ್ಲಿ ಪ್ಯಾರಿಸ್ ಪೊಲೀಸ್ ಕಚೇರಿಯಲ್ಲಿ ಒಬ್ಬ ಸಾಮಾನ್ಯ ಗುಮಾಸ್ತನಾದನು. ಕೈದಿಗಳ ಚಹರೆಪಟ್ಟಿಗಳನ್ನು ನಕಲುಮಾಡುವುದೇ ಅವನ ಕೆಲಸವು. ಎತ್ತರ ಸಾಧಾರಣ, ಮುಖ ಸಾಧಾರಣ ಎಂಬ ಒಕ್ಕಣೆಯೇ ಪಟ್ಟಿಪಟ್ಟಿಯಲ್ಲಿಯೂ ಇರುತ್ತಿತ್ತು. ಛಾಯಾಚಿತ್ರಗಳು ರಾಶಿರಾಶಿಯಾಗಿದ್ದರೂ ಬೇಕಾದುದನ್ನು ಹುಡುಕಲು ಕ್ರಮವಿರಲಿಲ್ಲ. ಹಳೆಯ ಅಪರಾಧಿಯು ಹೊಸ ಹೆಸರು ಹೇಳಿದರೆ ಹೊಸಬನೇ ಆಗಿಬಿಡುತ್ತಿದ್ದನು.

ಪ್ರಾಯಕ್ಕೆ ಬಂದವನ ಎಲುಬಿನ ಅಳತೆಯು ಮಾರ್ಪಡುವುದಿಲ್ಲವೆಂಬ ತತ್ತ್ವವನ್ನು ಹಿಡಿದು, ಈ ಗುಮಾಸ್ತನು ತಲೆಯ ಉದ್ದಗಲ, ಚಾಚಿದ ತೋಳುಗಳ ವಿಸ್ತಾರ, ಎಡಪಾದ, ಎಡಗೈಯ ನಡುಬೆರಳು ಮೊದಲಾದ ಹನ್ನೊಂದು ಅಳತೆಗಳನ್ನು ಗೊತ್ತುಮಾಡಿದನು. ಪ್ರತಿಯೊಂದು ಅಳತೆಯನ್ನೂ ಸಣ್ಣದು, ಮಧ್ಯಮ, ದೊಡ್ಡದು ಎಂದು ವಿಭಾಗಿಸಿ ಚೀಟಿಗಳನ್ನು ಖಾನೆಗಳಲ್ಲಿ ಇಡಿಸಿದುದರಿಂದ, ಸಾವಿರಾರು ಚೀಟಿಗಳ ನಡುವಿನಿಂದ ಬೇಕಾದುದನ್ನು ಕೆಲವು ನಿಮಿಷಗಳಲ್ಲಿ ತೆಗೆಯಲು ಸಾಧ್ಯವಾಯಿತು. ಮೇಲಧಿಕಾರಿಗಳು ಮೊದಲು ನಕ್ಕರು. 1883ರ ಫೆಬ್ರವರಿಯಲ್ಲಿ ಸುಳ್ಳು ಹೆಸರಿನ ಒಬ್ಬ ಹಳೆಯ ಅಪರಾಧಿಯು ಸಿಕ್ಕಿಬಿದ್ದನು; ಮರುವರ್ಷ 241 ಮಂದಿ ಹಾಗೆಯೇ ಸಿಕ್ಕರು. ನಗೆಯು ನಿಂತಿತು.

ಛಾಯಾಚಿತ್ರದ ವಿಷಯದಲ್ಲಿ ಅವನು ಮಾಡಿದ ಸುಧಾರಣೆಯು ಇನ್ನೂ ಮಹತ್ತ್ವದ್ದು. ಕ್ಯಾಮರಾದ ದೂರ, ಬೆಳಕು, ಕುಳಿತುಕೊಳ್ಳುವ ಭಂಗಿ ಬೇರೆಯಾದರೆ ಒಬ್ಬನ ಮುಖವೇ ಇಬ್ಬರ ಮುಖದಂತೆ ಕಾಣುವುದೆಂದು ಅವನು ಅರಿತಿದ್ದನು. ಆದುದರಿಂದ ಕುರ್ಚಿ, ದೂರ, ಪ್ರಮಾಣ ಎಲ್ಲವನ್ನೂ ನಿಗದಿಮಾಡಿ, ಎದುರಿನಿಂದ ಒಂದು, ಪಾರ್ಶ್ವದಿಂದ ಒಂದು ಚಿತ್ರವನ್ನು ತೆಗೆಯುವ ಪದ್ಧತಿಯನ್ನು ನಿಲ್ಲಿಸಿದನು. ಕಿವಿಯ ಸುರುಳಿಗಳಲ್ಲಿ ಮನುಷ್ಯನ ಗುರುತು ಅಡಗಿದೆಯೆಂದು ಬೋಧಿಸಿದನು. ಇಂದಿಗೂ ಠಾಣೆಗಳಲ್ಲಿ ಬಂದಿಗಳ ಚಿತ್ರ ತೆಗೆಯುವ ರೀತಿಯು ಅವನದೇ.

ಈ ಪದ್ಧತಿಯು ಬಂಗಾಳದ ಪೊಲೀಸರಲ್ಲಿಗೂ ಬಂದಿತು. ಆದರೆ ಅಳೆಯುವ ಕೈ ಬೇರೆಯಾದರೆ ಅಳತೆಯೂ ಬೇರೆಯಾಗುವುದೆಂಬ ದೋಷವು ಹೊರಬಿದ್ದು, 1897ರಲ್ಲಿ ಭಾರತದಲ್ಲಿ ಬೆರಳಗುರುತಿನ ಪದ್ಧತಿಯೇ ಅಂಗೀಕೃತವಾಯಿತು. ಅದರ ವರ್ಗೀಕರಣದಲ್ಲಿ ದುಡಿದ ಮಹನೀಯರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ನಮ್ಮ ದೇಶಬಾಂಧವರು. ಪದ್ಧತಿಗೆ ಅಂಟಿದ ಹೆಸರು ಮಾತ್ರ ಅವರ ಮೇಲಧಿಕಾರಿಯಾದ ಎಡ್ವರ್ಡ್ ಹೆನ್ರಿಯದು. ಪರಾಧೀನ ದೇಶದ ಪ್ರತಿಭೆಗೆ ಆಗ ಸಲ್ಲುತ್ತಿದ್ದ ಸಂಭಾವನೆಯು ಇಂಥದು!

ಇಷ್ಟಕ್ಕೇ ನಿಂತಿದ್ದರೆ ಬೆರ್ತಿಯೋನನ ಯಶಸ್ಸು ನಿಷ್ಕಳಂಕವಾಗಿರುತ್ತಿತ್ತು. 1894ರಲ್ಲಿ ಫ್ರೆಂಚ್ ಸೇನೆಯ ರಹಸ್ಯಗಳನ್ನು ಜರ್ಮನರಿಗೆ ಮಾರುವ ಒಂದು ಕಾಗದವು ಸಿಕ್ಕಿತು. ಯೆಹೂದ್ಯನಾದ ಕ್ಯಾಪ್ಟನ್ ಆಲ್ಫ್ರೆಡ್ ಡ್ರೇಫಸನ ಮೇಲೆ ಶಂಕೆ ಬಿದ್ದಿತು. ಫ್ರಾನ್ಸ್ ಬ್ಯಾಂಕಿನ ಕೈಬರಹತಜ್ಞನು ಇದು ಬೇರೊಬ್ಬನ ಬರಹವಾಗಿರಬಹುದೆಂದನು. ಆಗ ಸೇನೆಯವರು ಬೆರ್ತಿಯೋನನನ್ನು ಕರೆದರು. ಅಕ್ಷರಶೋಧನೆಯು ಅವನ ವಿದ್ಯೆಯಲ್ಲ. ಆದರೂ ಅವನು ಕಾಗದದ ಚಿತ್ರಗಳನ್ನು ಹಿಗ್ಗಿಸಿ, ಗೆರೆಗಳನ್ನೆಳೆದು, ಬರೆದವನು ಡ್ರೇಫಸನೇ ಎಂದನು. ಹೋಲಿಕೆಯಿದ್ದಲ್ಲಿ ಅದು ಅವನ ಕೈಯೆಂದೂ, ಹೋಲಿಕೆಯಿಲ್ಲದಲ್ಲಿ ಅವನು ತನ್ನ ಬರಹವನ್ನೇ ಬೇಕೆಂದು ತಿರುಚಿದನೆಂದೂ ವಾದಿಸಿದನು. ನಮ್ಮ ತರ್ಕಶಾಸ್ತ್ರವು ಇದನ್ನು ಹೇತ್ವಾಭಾಸವೆನ್ನುತ್ತದೆ. ಹೌದೆಂದರೂ ಅಲ್ಲವೆಂದರೂ ಒಂದೇ ಸಿದ್ಧಾಂತಕ್ಕೆ ಒಯ್ಯುವ ಹೇತುವು ಏನನ್ನೂ ಸಾಧಿಸಲಾರದಷ್ಟೆ.

ಆದರೂ ಸೈನಿಕ ನ್ಯಾಯಸ್ಥಾನವು ಡ್ರೇಫಸನನ್ನು ದಂಡಿಸಿತು. ಆರೋಪಿಯ ಕಣ್ಣಿಗೆ ಬೀಳದ ರಹಸ್ಯಪತ್ರಗಳೂ ನ್ಯಾಯಾಧೀಶರ ಕೈಸೇರಿದ್ದವು. ಆ ನಿರಪರಾಧಿಯು ಗಯಾನಾ ತೀರದ ಡೆವಿಲ್ಸ್ ಐಲೆಂಡ್ ದ್ವೀಪದಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ನವೆದನು. ಬರಹವು ಎಸ್ತರ್‌ಹಾಜಿ ಎಂಬ ಅಧಿಕಾರಿಯದೆಂದು 1896ರಲ್ಲಿಯೇ ಗೊತ್ತಾದರೂ, 1899ರ ಮರುವಿಚಾರಣೆಯಲ್ಲಿ ಬೆರ್ತಿಯೋನನು ಹಳೆಯ ಮಾತನ್ನೇ ನುಡಿದನು. 1904ರಲ್ಲಿ ಆನ್ರಿ ಪ್ವಾಂಕರೆ ಮೊದಲಾದ ಮೂವರು ಗಣಿತಜ್ಞರು ಅವನ ಲೆಕ್ಕವನ್ನು ಪರಿಶೋಧಿಸಿ ನಿರಾಧಾರವೆಂದು ತಿರಸ್ಕರಿಸಿದರು; 1906ರಲ್ಲಿ ಫ್ರಾನ್ಸಿನ ಪರಮೋಚ್ಚ ನ್ಯಾಯಸ್ಥಾನವು ಡ್ರೇಫಸನನ್ನು ನಿರ್ದೋಷಿಯೆಂದು ಸಾರಿತು.

ಇದೇ ಬೆರ್ತಿಯೋನನು 1902ರಲ್ಲಿ ಒಡೆದ ಗಾಜಿನ ಮೇಲಿನ ಬೆರಳಗುರುತುಗಳಿಂದ ಒಬ್ಬ ಕೊಲೆಗಾರನನ್ನು ಕಂಡುಹಿಡಿದು ಯೂರೋಪವನ್ನು ಬೆರಗುಗೊಳಿಸಿದನು. ಆಗ ಅವನ ಕೈಯಲ್ಲಿ ಬಿಂದುಬಿಂದುವಾಗಿ ತಾಳೆನೋಡಬಹುದಾದ ಗುರುತು ಇತ್ತು. 1894ರಲ್ಲಿ ಇದ್ದುದು ಪ್ರತಿಷ್ಠೆ ಮಾತ್ರ. 1914ರಲ್ಲಿ ಅವನು ಕಾಲವಾದನು.

ನಮ್ಮಲ್ಲಿ 1872ರ ಸಾಕ್ಷ್ಯ ಕಾಯಿದೆಯು ಹೋಗಿ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮವು ಜಾರಿಗೆ ಬಂದಿದೆ. ಅದರ 63ನೆಯ ಕಲಮಿನ ಪ್ರಮಾಣಪತ್ರವು ವಿಡಿಯೋ ದಾಖಲೆಯು ಯಾವ ಯಂತ್ರದಿಂದ ಹೇಗೆ ಬಂದಿತೆಂಬುದನ್ನು ಹೇಳುತ್ತದೆ. ಅದರಲ್ಲಿರುವ ಮನುಷ್ಯನು ಯಾರೆಂಬುದನ್ನು ಹೇಳುವುದಿಲ್ಲ. 39ನೆಯ ಕಲಮಿನಂತೆ ಬರುವ ತಜ್ಞಾಭಿಪ್ರಾಯವು ಪರಿಗಣಿಸತಕ್ಕ ಸಂಗತಿಯೇ ಹೊರತು ತೀರ್ಪಲ್ಲ. ಎತ್ತರದ ಮೂಲೆಯಿಂದ, ಮಬ್ಬು ಬೆಳಕಿನಲ್ಲಿ ತೆಗೆದ ಚಿತ್ರಕ್ಕೆ ಬೆರ್ತಿಯೋನನ ಕುರ್ಚಿಯೂ ಇಲ್ಲ, ಅಳತೆಯೂ ಇಲ್ಲ. ಆದುದರಿಂದ ಹೋಲಿಕೆಗಳೊಡನೆ ವ್ಯತ್ಯಾಸಗಳನ್ನೂ ಬರೆದಿಟ್ಟಿರುವೆಯಾ, ಯಾವುದನ್ನು ಕಂಡಿದ್ದರೆ ಇವನಲ್ಲವೆಂದು ಹೇಳುತ್ತಿದ್ದೆ ಎಂದು ವಕೀಲರು ತಜ್ಞನನ್ನು ಕೇಳಲೇಬೇಕು; ಬಡ ಆರೋಪಿಗೂ ಬೇರೊಬ್ಬ ತಜ್ಞನ ನೆರವು ದೊರೆಯಲೇಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂಬ ನಮ್ಮ ಹಿರಿಯರ ಗಾದೆಯು ಎಲ್ಲ ನ್ಯಾಯಪೀಠಗಳಿಗೂ ನೆನಪಿರಲೆಂದು ಹಾರೈಸುತ್ತೇವೆ.